ಅಳಿಸಿದ ಸಾಲಿನಲ್ಲಿದ್ದ ಹೆಸರು

“ಅಮ್ಮಾರ, ಇದು ನೌಕರಿಗೋ, ಲಗ್ನಕ್ಕೋ?” ಗಂಗಾವತಿಯ ಝೆರಾಕ್ಸ್ ಅಂಗಡಿಯ ಚಾಚಾ ನಕ್ಕುಬಿಟ್ಟರು.

ಅಕ್ಕಿ ಗಿರಣಿಯ ಆಫೀಸಿನ ಕೆಲಸಕ್ಕೆ ಮೊಮ್ಮಗಳು ಬರೆದ ಬಯೋಡೇಟಾದಲ್ಲಿ ನಾನೇ ಹಟ ಹಿಡಿದು ಅವಳ ಎತ್ತರ, ಬಣ್ಣ, ಸೋದರಮಾವಂದಿರ ಊರು, ಅಜ್ಜನ ಹೆಸರು ಎಲ್ಲ ಸೇರಿಸಿದ್ದೆ. ನಮ್ಮ ಕಾಲದಲ್ಲಿ ಸಾಹುಕಾರರು “ಯಾರ ಪೈಕಿ?” ಎಂದು ಕೇಳಿಯೇ ನಮ್ಮ ಮನೆಯವರನ್ನು ಗಿರಣಿಯ ಹಮಾಲಿಗೆ ಸೇರಿಸಿಕೊಂಡಿದ್ದರು.

“ಈಗ ಅದೆಲ್ಲ ನೋಡಂಗಿಲ್ರಿ. ಹುಡುಗಿ ಏನ್ ಕಲ್ತಾಳ, ಏನ್ ಮಾಡ್ಯಾಳ, ಅಷ್ಟ ಇರ್ಲಿ,” ಎನ್ನುತ್ತ ಚಾಚಾ ಒಂದೊಂದೇ ಸಾಲು ಅಳಿಸಿದರು. ಅಜ್ಜನ ಹೆಸರೂ ಹೋಯಿತು. ಬೇಡ ಎನ್ನಲು ನನಗೆ ಸಂಕೋಚವಾಯಿತು.

ಸಂದರ್ಶನ ಮುಗಿಸಿ ಬಂದವಳ ಮುಖ ಅರಳಿತ್ತು. “ಆಯಿ, ಅಕ್ಕಿ ಬಗ್ಗೆ ಏನ್ ಗೊತ್ತೈತಿ ಅಂತ ಕೇಳಿದ್ರು. ಅಂಗೈಯಾಗ ಹಾಕ್ಕೊಂಡು ನುಚ್ಚು ನೋಡೋದನ್ನ ನಮ್ಮ ಬಸಪ್ಪಜ್ಜ ಕಲಿಸ್ಯಾನ ಅಂದೆ. ಸೋಮವಾರದಿಂದ ಬಾ ಅಂದಾರ!”

ಮಕ್ಕಳೇ, ಗಂಡನ ಹೆಸರು ಹೇಳಬಾರದೆಂದು ಬೆಳೆದವಳು ನಾನು. ಅವರಿದ್ದಾಗಲೂ ಹೇಳಲಿಲ್ಲ, ಹೋದ ಮೇಲೂ ಹೇಳಲಿಲ್ಲ. ಈಗ ಗಿರಣಿಗೆ ಹೋಗುವ ಮೊಮ್ಮಗಳಿಗೆ ಬುತ್ತಿ ಕಟ್ಟುವಾಗ, ಯಾರಿಗೂ ಕೇಳದಂತೆ, ಮೆಲ್ಲಗೆ ಹೇಳಿಕೊಳ್ಳುತ್ತೇನೆ.