ಒಂದೇ ಸಲ ಕರೆದ ರೆಕಾರ್ಡರ್

ಕತ್ತಿನ ಗಂಟು ತೆಗೆಯಬೇಕು, ಅದರ ಹಿಂದೆಯೇ ದನಿಯ ನರ ಹಾದುಹೋಗಿರುತ್ತದೆ, ಬಹಳ ಜನಕ್ಕೆ ಏನೂ ಆಗುವುದಿಲ್ಲ, ಅಪರೂಪಕ್ಕೆ ಕೆಲವರಿಗೆ ದನಿ ಹೋಗುತ್ತದೆ, ಹೋದದ್ದು ತಿರುಗಿ ಬರುವುದೂ ಉಂಟು. ಡಾಕ್ಟರು ಇಷ್ಟನ್ನೂ ಸಮಾಧಾನವಾಗಿಯೇ ಹೇಳಿದರು. ನಾನು ಮಾತ್ರ 'ಹೋಗುತ್ತದೆ' ಅನ್ನುವಲ್ಲಿಯೇ ನಿಂತುಬಿಟ್ಟಿದ್ದೆ. ಮೈಸೂರಿನಿಂದ ಕುಶಾಲನಗರದವರೆಗೂ ಬಸ್ಸಿನಲ್ಲಿ ಸೆರಗಿನಿಂದ ಕತ್ತು ಮುಚ್ಚಿಕೊಂಡು ಕೂತಿದ್ದೆ. ಮುಚ್ಚಿಕೊಂಡರೆ ಏನು ಉಳಿಯುತ್ತದೋ ದೇವರಿಗೇ ಗೊತ್ತು.

ನಾನು ಪ್ರೈಮರಿ ಶಾಲೆಯ ಮೇಷ್ಟ್ರಮ್ಮ. ನಮ್ಮೂರು ಶಿರಂಗಾಲದ ಕಡೆ ನನ್ನ ಗಂಟಲಿಗೆ ಮೈಕು ಬೇಡ ಎಂದು ಆಡಿಕೊಳ್ಳುತ್ತಾರೆ. ಆದರೆ ನನ್ನ ಹೆದರಿಕೆ ಶಾಲೆಯದ್ದಲ್ಲ, ಅತ್ತೆಯದ್ದು. ಸಕ್ಕರೆ ಕಾಯಿಲೆಯಲ್ಲಿ ಅವರ ಎರಡು ಕಣ್ಣೂ ಹೋಗಿವೆ. ದನಿಯಿಂದಲೇ ಅವರು ಜನರನ್ನು ಗುರುತಿಸುವುದು. ಒಮ್ಮೆ ಅವರ ಮಗ, ಅಂದರೆ ನನ್ನವರು, ಬೆಳಗಿನ ಮಾತ್ರೆಯನ್ನು ಮಧ್ಯಾಹ್ನ ಕೊಟ್ಟು ಫಜೀತಿ ಮಾಡಿದ ಮೇಲೆ, ನನ್ನ ದನಿ ಕೇಳದೆ ಅವರು ಮಾತ್ರೆ ಬಾಯಿಗೆ ಹಾಕುವುದಿಲ್ಲ. ಮಗ ಕೈಯಲ್ಲಿ ಹಿಡಿದು ನಿಂತರೂ "ಅವ್ಳನ್ನ ಕರಿ" ಅಂತಲೇ ಹಟ. ದನಿಯೇ ಹೋದರೆ ಆ ಮುದುಕಿಗೆ ನಾನು ಯಾರು? ಮನೆಯೊಳಗೆ ಓಡಾಡುವ ಯಾರೋ ಒಬ್ಬಳು. ಅದನ್ನು ನೆನೆದರೆ ಕೈಕಾಲು ತಣ್ಣಗಾಗುತ್ತಿತ್ತು.

ಆಸ್ಪತ್ರೆಗೆ ಸೇರುವ ಮೊದಲು ನನ್ನ ದನಿಯನ್ನು ಮನೆಯಲ್ಲಿ ಇಟ್ಟು ಹೋಗಬೇಕು ಅನ್ನಿಸಿತು. ಫೋನಿನಲ್ಲೇ ಇಡು ಎಂದರು ನನ್ನವರು. ಆ ನುಣ್ಣನೆಯ ಗಾಜಿನ ಮೇಲೆ ಕಣ್ಣಿಲ್ಲದವರು ಏನನ್ನು ಹುಡುಕಬೇಕು? ಬೆರಳಿಗೆ ಸಿಗುವ ಗುಂಡಿ ಬೇಕು. ಹಾಗಾಗಿ ಅಗ್ಗದ ರೆಕಾರ್ಡರುಗಳ ಬೇಟೆ ಶುರುವಾಯಿತು. ಒಂದನ್ನು ಆನ್‌ಲೈನಿನಲ್ಲಿ ತರಿಸಿದೆ, ಒಂದನ್ನು ಕುಶಾಲನಗರದ ಅಂಗಡಿಯಿಂದ ತಂದೆ, ಇನ್ನೊಂದನ್ನು ತರಬೇತಿಯ ಭಾಷಣ ಹಿಡಿಯಲೆಂದು ಕೊಂಡು ಮೂಲೆಗೆ ಹಾಕಿದ್ದ ನಮ್ಮ ಶಾಲೆಯ ಇನ್ನೊಬ್ಬ ಟೀಚರಿಂದ ಕೇಳಿ ಪಡೆದೆ.

ಮೂರನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿಟ್ಟು ಪರೀಕ್ಷೆ ಮಾಡಿದೆ. ಮೊದಲನೆಯದು ಪೆನ್ನಿನ ಹಾಗಿತ್ತು, ನೋಡಲು ಚೆಂದ. ಗುಂಡಿ ಮಾತ್ರ ಸಾಸಿವೆ ಕಾಳಿನಷ್ಟು, ದನಿ ಕೊಡದೊಳಗಿಂದ ಬಂದಂತೆ. ಎರಡನೆಯದರಲ್ಲಿ ದನಿ ಸ್ವಚ್ಛವಾಗಿತ್ತು. ಆದರೆ ಅದು ಸದ್ದು ಕೇಳಿದ ಮೇಲೆಯೇ ಎಚ್ಚರಾಗುವ ಜಾತಿ, ಪ್ರತಿ ಮಾತಿನ ತಲೆಯನ್ನೂ ನುಂಗುತ್ತಿತ್ತು. ಅದನ್ನು ನಿಲ್ಲಿಸುವ ದಾರಿ ಎಲ್ಲೋ ಮೆನುವಿನೊಳಗೆ ಅಡಗಿತ್ತು, ನನಗೆ ಸಿಗಲಿಲ್ಲ. ಟೀಚರ್ ಕೊಟ್ಟದ್ದು ದಪ್ಪ, ಒರಟು, ಹಿಂದೆ ಸೊರ್ರೆಂದು ಸದ್ದು ಬೇರೆ. ಆದರೆ ಸಣ್ಣ ಸೆಲ್ಲು ಎರಡು ಹಾಕಿದರೆ ಶುಂಠಿ ಹೊಲದ ಮೋಟಾರು ಓಡುತ್ತಿದ್ದರೂ ಕೇಳುವಷ್ಟು ಜೋರು, ಗುಂಡಿಯೂ ಉಬ್ಬಿಕೊಂಡಿತ್ತು. ಅದನ್ನೇ ಆರಿಸಿದೆ.

"ಅತ್ತೇ, ಊಟದ ಹೊತ್ತಾಯ್ತು. ಉದ್ದ ಡಬ್ಬಿ ಮಾತ್ರೆ ಈಗ, ಗುಂಡು ಡಬ್ಬಿದು ರಾತ್ರಿಗೆ." ಇಷ್ಟನ್ನು ಹಿಡಿದಿಟ್ಟು ಕೇಳಿದೆ. ನಾನು ಇಲ್ಲಿ ಬಾಯಿ ಮುಚ್ಚಿ ನಿಂತಿದ್ದೇನೆ, ನನ್ನ ದನಿ ಅಲ್ಲಿ ಕಟ್ಟೆಯ ಮೇಲೆ ತನ್ನ ಪಾಡಿಗೆ ಮಾತಾಡುತ್ತಿದೆ. ಸತ್ತವಳ ದನಿ ಕೇಳಿದಂತಾಗಿ ಬೇಗನೆ ನಿಲ್ಲಿಸಿದೆ.

ಎಷ್ಟು ದೂರ ಕೇಳುತ್ತದೆ ನೋಡಬೇಕಿತ್ತು. ಅತ್ತೆ ಹಿತ್ತಲ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವರಿಗೆ ಏನೂ ಹೇಳದೆ ರೆಕಾರ್ಡರನ್ನು ನಡುಮನೆಯಲ್ಲಿಟ್ಟು ಗುಂಡಿ ಒತ್ತಿ, ಬಾಗಿಲ ಮರೆಯಿಂದ ನೋಡುತ್ತಾ ನಿಂತೆ. "ಅತ್ತೇ" ಎಂದು ಅದು ಕೂಗಿತು. ಅವರ ಕೈ ನಿಂತಿತು. ಯಾವಾಗಲೂ ಬರುವ "ಓ" ಬರಲಿಲ್ಲ. ರೆಕಾರ್ಡರು ಮಾತ್ರೆಯ ವಿಷಯವನ್ನೆಲ್ಲ ಒದರಿ ಸುಮ್ಮನಾಯಿತು. ಅತ್ತೆ ಸೆರಗನ್ನು ತಲೆಯ ಮೇಲೆಳೆದುಕೊಂಡು ಮನೆದೇವರ ಹೆಸರು ಹೇಳತೊಡಗಿದರು. ಮಡಿಲಿನ ಕಾಳೆಲ್ಲ ನೆಲಕ್ಕೆ ಸುರಿಯಿತು. ನಾನು ಓಡಿಹೋಗಿ ಅವರ ಕೈ ಹಿಡಿದೆ.

"ಅತ್ತೆ, ನಾನೇ ಅತ್ತೆ. ಆಗ ಕರ್ದಿದ್ದು ಮಿಷನ್ನು."

"ಒಂದೇ ಸಲ ಕರೀತು ಕಣೇ," ಎಂದರು ಅತ್ತೆ. "ಆಮೇಲೆ ಕರೀಲೇ ಇಲ್ಲ."

ನನಗೆ ಆಗ ಹೊಳೆಯಿತು. ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆನಿಂತ ನಮ್ಮ ಮನೆಗಳಲ್ಲಿ, ಯಾರೇ ಒಂದು ಸಲ ಕರೆದರೂ ಓಗೊಡುವುದಿಲ್ಲ. ಗಾಳಿ ಒಂದೇ ಸಲ ಕರೆಯುತ್ತದಂತೆ, ಗುರುತಿನವರ ದನಿಯಲ್ಲೇ ಕರೆಯುತ್ತದಂತೆ, ಓ ಎಂದವರನ್ನು ಜೊತೆಗೆ ಕರೆದೊಯ್ಯುತ್ತದಂತೆ. ಮನುಷ್ಯರಾದರೆ ಎರಡನೇ ಸಲ ಕರೆದೇ ಕರೆಯುತ್ತಾರೆ. ಕಣ್ಣಿದ್ದವರು ತಿರುಗಿ ನೋಡಿ ಬಿಡುತ್ತಾರೆ, ಅತ್ತೆಗೆ ಆ ಎರಡನೇ ಕರೆಯೇ ಕಣ್ಣು. ದಿನಾ ಎರಡು ಸಲ ಕರೆಯುವ ನಾನೇ, ಮಿಷನ್ನಿನ ಮುಂದೆ ನಿಂತಾಗ ಶಾಲೆಯಲ್ಲಿ ಹಾಜರಿ ಕೂಗಿದಂತೆ ಒಂದೇ ಸಲ ಕೂಗಿಬಿಟ್ಟಿದ್ದೆ.

ಮತ್ತೆ ಹಿಡಿದಿಟ್ಟೆ, ಎರಡು ಸಲ ಕರೆದು. ಗುಂಡಿಯ ಮೇಲೆ ಅತ್ತೆಯ ಬೆರಳಿಟ್ಟು ಕಲಿಸಿದೆ. "ಆಸ್ಪತ್ರೆಗೆ ಹೋಗೋಳು ನೀನು, ಪಾಠ ನಂಗೆ," ಎಂದು ಗೊಣಗಿದರು. ಹೊರಡುವ ದಿನ ನನ್ನ ಕತ್ತನ್ನು ತಡವಿ ಗಂಟನ್ನು ಹುಡುಕಿ, "ಇಷ್ಟು ದಪ್ಪಾನೂ ಇಲ್ಲ, ಇದಕ್ಯಾಕೆ ಹೆದರ್ತೀಯ" ಎಂದರು. ಅವರ ಬೆರಳೂ ತಣ್ಣಗಿತ್ತು.

ಆಪರೇಷನ್ ಆಗಿ ಎಚ್ಚರವಾದಾಗ ನರ್ಸು ಹೆಸರು ಕೇಳಿದರು. ಬಾಯಿ ತೆರೆದೆ, ಬರೀ ಗಾಳಿ ಬಂತು. ಕಾದು ನೋಡೋಣ ಎಂದರು ಡಾಕ್ಟರು. ಮನೆಗೆ ಹೊರಡುವ ಹೊತ್ತಿಗೆ ಗಾಳಿಯ ಜೊತೆ ಒಂದಿಷ್ಟು ಸದ್ದು ಸೇರಿಕೊಂಡಿತ್ತು, ಒಣ ಎಲೆ ಎಳೆದ ಹಾಗೆ. ಅದು ನನ್ನದು ಎಂದು ನನಗೇ ಅನ್ನಿಸುತ್ತಿರಲಿಲ್ಲ.

ಅತ್ತೆ ಅದೇ ಜಗಲಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ರೆಕಾರ್ಡರು. ನನ್ನವರು ಏನೋ ಹೇಳಲು ಬಾಯಿ ತೆರೆದರು, ನಾನು ಕೈ ಅಡ್ಡ ಹಿಡಿದೆ. ಇವರು ಹೇಳಿಕೊಟ್ಟು ಅತ್ತೆ ನನ್ನನ್ನು ಗುರುತಿಸುವುದಾದರೆ ಆ ಗುರುತು ನನಗೆ ಬೇಡವಾಗಿತ್ತು. ಇದ್ದ ಉಸಿರನ್ನೆಲ್ಲ ಕೂಡಿಸಿ "ಅತ್ತೇ" ಎಂದೆ.

ಅವರು ತಲೆಯೆತ್ತಿದರು. ಓಗೊಡಲಿಲ್ಲ. ಮುಖದಲ್ಲಿ ಗುರುತಿನ ಗೆರೆಯೂ ಇರಲಿಲ್ಲ. ಮಿಷನ್ನಿನಲ್ಲಿ ನನ್ನ ದನಿ ಇದೆ, ಗುಂಡಿ ಒತ್ತಿಬಿಡಲೇ ಎಂದು ಕೈ ಅತ್ತ ಹೋಯಿತು. ಒತ್ತಿದರೆ ಆ ಮಿಷನ್ನೇ ಅವರಿಗೆ ಸೊಸೆಯಾಗಿಬಿಡುತ್ತದೆ, ನಾನಲ್ಲ. ಕೈ ಹಿಂದಕ್ಕೆಳೆದುಕೊಂಡೆ. ಎರಡನೇ ಸಲಕ್ಕೆ ಉಸಿರು ಸಾಲುತ್ತಿರಲಿಲ್ಲ. ಕಂಬ ಹಿಡಿದು ನಿಂತೆ, ಹೊಲಿಗೆ ಎಳೆಯುತ್ತಿತ್ತು, ಕಣ್ಣಲ್ಲಿ ನೀರು.

"ಅತ್ತೇ."

"ಓ," ಎಂದರು ಅತ್ತೆ. ಗಾಳಿಯಲ್ಲಿ ಕೈಯಾಡಿಸಿ ನನ್ನ ಸೆರಗನ್ನು ಹುಡುಕಿ ಹಿಡಿದುಕೊಂಡರು, ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಬೈದರು.

"ಇನ್ನೊಂದ್ಸಲ ಕರೆಯೋಕೆ ಯಾಕೆ ಅಷ್ಟೊತ್ತು ಮಾಡ್ದೆ? ಕರೆಯಲ್ವೇನೋ ಅಂತ ಜೀವ ಹೋಗಿತ್ತು ನಂಗೆ."