ಜಿಂಕೆಗಳ ಕಾಲಡಿಯ ಸಂದು

“ಮರದ ದಿಮ್ಮಿ ಮನೆ ಅಂದ್ರೆ ಕಟ್ಟಿ ಮುಗಿಸಿ ಕೈ ತೊಳ್ಕೊಳ್ಳೋದಲ್ಲ ಕಣ್ರೀ. ದಿಮ್ಮಿ ಒಣಗ್ತಾ ಒಣಗ್ತಾ ಕುಗ್ಗುತ್ತೆ, ಗೋಡೆ ತಾನಾಗಿ ಕೆಳಗೆ ಕೂರುತ್ತೆ. ನಮ್ಮ ಮಾವ ಹೇಳೋರು, ಹೊಸ ಮನೆ ಹೊಸ ಸೊಸೆ ಇದ್ದ ಹಾಗಂತೆ, ಹೊಂದ್ಕೊಳ್ಳೋಕೆ ಜಾಗ ಬಿಡಬೇಕಂತೆ. ಅದಕ್ಕೇ ಬಾಗಿಲ ಚೌಕಟ್ಟಿನ ಮೇಲೆ ಒಂದಿಷ್ಟು ಸಂದು ಬಿಟ್ಟು, ಉಣ್ಣೆ ತುರುಕಿ, ಅದು ಕಾಣದ ಹಾಗೆ ಮೇಲೆ ಹಲಗೆ ಹೊಡೀತೀವಿ. ಇಳ್ಕೊಂಡೋರು ರಾತ್ರಿ ಕೇಳ್ತಾರೆ, ಯಾರೋ ಗೋಡೆ ತಟ್ಟಿದ ಹಾಗಾಯ್ತಲ್ಲಮ್ಮ, ಕರಡಿನಾ ಅಂತ. ಕರಡಿಗೇನು ಬೇರೆ ಕೆಲಸ ಇಲ್ವಾ! ಮನೆ ಮೈ ಮುರೀತಾ ಇದೆ, ಸುಮ್ನೆ ಮಲ್ಕೊಳ್ಳಿ ಅಂತೀನಿ.”

ಹೀಗೆ ಹೇಳುವವಳು ಒಲೆಯಕ್ಕ. ಹೇಸರಗತ್ತೆ ಮಾತ್ರ ಹತ್ತಬಲ್ಲ ದಾರಿಯ ಕೊನೆಗೆ, ಕಾಡಿನೊಳಗೆ ಒಂದಕ್ಕೊಂದು ಕಾಣದಷ್ಟು ದೂರದಲ್ಲಿ ನಿಂತ ದಿಮ್ಮಿ ಮನೆಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಪೇಟೆಯ ಗಲಾಟೆ ಸಾಕಾಗಿ ನಾಲ್ಕು ದಿನ ಇರಲು ಬಂದವರು ಬಾಗಿಲು ತೆರೆದರೆ ಒಳಗೆ ಒಲೆ ಉರಿಯುತ್ತಿರಬೇಕು, ಅದು ಅವಳ ಹಠ. ಆ ಹೆಸರೂ ಅದರಿಂದಲೇ ಬಂದದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಒದ್ದೆ ಸೌದೆ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡವಳು ಈಗ ಹೊಗೆಯ ವಾಸನೆಯಲ್ಲೇ ಮರ ಯಾವುದೆಂದು ಹೇಳುತ್ತಾಳೆ.

ಅವಳ ಗಂಡ ಬಡಗಿ. ಮಾತು ಕಮ್ಮಿ, ಸಿಟ್ಟು ಮೂಗಿನ ತುದಿಯಲ್ಲಿ. ಒಮ್ಮೆ ಉರುಳಿದ ದಿಮ್ಮಿಗೆ ಬಲಗೈ ಸಿಕ್ಕಿ, ಆಮೇಲೆ ವರ್ಷಗಟ್ಟಲೆ ಉಳಿ ಮುಟ್ಟಿರಲಿಲ್ಲ. ಅಂಥವನು ಹೊಸ ಮನೆ ಕಟ್ಟುವಾಗ ತಾನೇ ಎದ್ದು ಬಂದು, ಬಾಗಿಲ ಮೇಲಿನ ದಿಮ್ಮಿಯಲ್ಲಿ ಒಂದು ಜೋಡಿ ಜಿಂಕೆ ಕೆತ್ತಿದ. ದಿಮ್ಮಿಯ ಕೆಳ ಅಂಚಿನವರೆಗೂ ಹುಲ್ಲು, ಹುಲ್ಲಿನಲ್ಲಿ ಪುಟ್ಟ ಗೊರಸು. ಸಂದು ಬಿಟ್ಟು ಹಲಗೆ ಹೊಡೆದರೆ ಆ ಹುಲ್ಲು ಮುಚ್ಚಿಹೋಗುತ್ತಿತ್ತು. ಅವನು ಸಂದೇ ಬಿಡದೆ ಚೌಕಟ್ಟನ್ನು ಬಿಗಿಯಾಗಿ ಕೂರಿಸಿಬಿಟ್ಟ.

“ಜಾಗ ಬಿಟ್ರಾ?” ಎಂದು ಅವಳು ಒಂದೇ ಸಲ ಕೇಳಿದ್ದಳು.

“ಒಣಗಿದ ಮರ ಕಣೇ. ಕೈ ಹೋಗಿರಬಹುದು, ತಲೆ ಹೋಗಿಲ್ಲ.”

ಮತ್ತೆ ಉಳಿ ಹಿಡಿದ ಗಂಡನನ್ನು ಕಣ್ಣುತುಂಬ ನೋಡುವುದು ಬಿಟ್ಟು ಜಗಳಕ್ಕೆ ನಿಲ್ಲುವ ಮನಸ್ಸು ಯಾರಿಗೆ ಬರುತ್ತದೆ?

ಬೇಸಿಗೆ ಬಂತು, ಗೋಡೆ ಕುಗ್ಗಿತು. ಆ ಮನೆಯಲ್ಲಿ ಇಳಿದುಕೊಂಡಿದ್ದವರು ಇಬ್ಬರು ಅಕ್ಕತಂಗಿಯರು. ಒಂದು ಬೆಳಿಗ್ಗೆ ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ತಂಗಿ ಕಿಟಕಿಯಿಂದ ಸಲೀಸಾಗಿ ಜಿಗಿದಳು. ದಪ್ಪನೆಯ ಅಕ್ಕ ಅರ್ಧಕ್ಕೆ ಸಿಕ್ಕಿಕೊಂಡಳು. ಕೂಗು ಕೇಳಿ ಓಡಿಬಂದ ಒಲೆಯಕ್ಕ ಅವಳ ಒಂದು ಕೈ ಹಿಡಿದಳು, ತಂಗಿ ಇನ್ನೊಂದು.

“ಎಳೀರಮ್ಮ, ನಾಚ್ಕೋಬೇಡಿ!” ಅಂದಳು ಸಿಕ್ಕಿಕೊಂಡವಳೇ. ಹೊರಗೆ ಬಂದು ಬಿದ್ದು, ಸೆರಗು ಕೊಡವಿಕೊಂಡು, “ನಾನೇನೋ ಬಂದೆ, ನನ್ನ ಮಾನ ಒಳಗೇ ಉಳೀತು” ಎಂದು ನಕ್ಕಳು.

ಒಲೆಯಕ್ಕ ನಗಲಿಲ್ಲ. ಗೋಡೆಯ ಭಾರವೆಲ್ಲ ಚೌಕಟ್ಟಿನ ಮೇಲೆ ಕೂತಿತ್ತು, ಅದರ ಎರಡೂ ಕಾಲು ಬಿಲ್ಲಿನಂತೆ ಬಾಗಿದ್ದವು. ಬಿಟ್ಟರೆ ಗೋಡೆಯೇ ಹೊರಗೆ ಉಬ್ಬುತ್ತದೆ. ಮೇಲಿನ ದಿಮ್ಮಿಯ ಕೆಳ ಅಂಚನ್ನು ಕುಯ್ಯಲೇಬೇಕು, ಕುಯ್ದರೆ ಜಿಂಕೆಗಳ ಕಾಲು ಹೋಗುತ್ತದೆ. ಆದರೆ ಅವಳ ಚಿಂತೆ ಜಿಂಕೆಯದಲ್ಲ. ಈ ಏಟಿಗೆ ಗಂಡ ಉಳಿ ಕೆಳಗಿಟ್ಟನೆಂದರೆ ಇನ್ನು ಈ ಜನ್ಮದಲ್ಲಿ ಎತ್ತುವುದಿಲ್ಲ.

ಅವನು ಆಗಲೇ ಸೌದೆ ಕೊಟ್ಟಿಗೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ.

“ಕೆಳಗಿನ ಊರಿಂದ ಯಾರನ್ನಾದ್ರೂ ಕರೆಸ್ಕೋ. ನನ್ನ ಕೈಲಾಗಲ್ಲ.”

“ಊರೋರ್ನ ಯಾಕೆ ಕರೆಸ್ಲಿ? ನಾನೇ ಕುಯ್ತೀನಿ.” ಗೋಡೆಗೆ ನೇತುಹಾಕಿದ್ದ ಗರಗಸ ತೆಗೆದಳು. “ನಾನು ಬ್ರೆಡ್ಡು ಕುಯ್ಯೋದು ನೋಡಿದ್ದೀರಲ್ಲ. ಕಾಲೇನು, ಕೊಂಬೂ ಉಳಿಯಲ್ಲ.”

ಏಣಿ ಹತ್ತಿ ಒಂದೆರಡು ಸಲ ಗರಗಸ ಎಳೆದಳೋ ಇಲ್ಲವೋ, ಹಿಂದೆ ಹೆಜ್ಜೆ ಸದ್ದಾಯಿತು.

“ಇಳಿಯೇ ಮಾರಾಯ್ತಿ! ಅದನ್ನ ಮರ ಅಂದ್ಕೊಂಡ್ಯೋ, ಕುಂಬಳಕಾಯಿ ಅಂದ್ಕೊಂಡ್ಯೋ?”

ಅವಳು ಇಳಿದಳು. ಏಣಿ ಗಟ್ಟಿಯಾಗಿ ಹಿಡಿದು ನಿಂತಳು. ಅವನು ಚೌಕಟ್ಟಿನ ಪಕ್ಕ ಗೋಡೆಯ ಭಾರಕ್ಕೆ ಆನಿಕೆ ಕಂಬ ಕೊಟ್ಟು, ಎಡಗೈಯಲ್ಲಿ ಗರಗಸ ಹಿಡಿದು, ಬಲಗೈಯನ್ನು ಬರೀ ಆಸರೆಗೆ ಇಟ್ಟು ನಿಧಾನವಾಗಿ ಕುಯ್ದ. ಹುಲ್ಲು ಬಿತ್ತು, ಗೊರಸು ಬಿದ್ದವು. ಬಾಗಿಲು ಕಿರ್ರೆಂದು ಸಡಿಲವಾಯಿತು. ಅಕ್ಕತಂಗಿಯರು ಅಂಗಳದಲ್ಲಿ ನಿಂತು ನೋಡುತ್ತಿದ್ದರು.

ಅವನು ಕಾಲಿಲ್ಲದ ಜಿಂಕೆಗಳ ಕೆಳಗೆ, ಕುಯ್ದ ಅಂಚಿನುದ್ದಕ್ಕೂ ಬೆರಳಾಡಿಸಿದ. ಆಮೇಲೆ ತಿರುಗಿ ನೋಡದೆ ಕೈ ಚಾಚಿದ.

“ಸಣ್ಣ ಉಳಿ ಕೊಡು. ಹೊಳೆಗೆ ಇಳಿದಿವೆ ಅಂತ ಮಾಡಿಬಿಡ್ತೀನಿ. ಮೊಣಕಾಲವರೆಗೆ ನೀರು, ಸಂದಿನ ಹಲಗೆ ಮೇಲೂ ಅಲೆ.”

“ಬೇಸಿಗೆ ಅಲ್ವಾ, ಬಾಯಾರಿರುತ್ತೆ” ಅಂದಳು ದಪ್ಪನೆಯ ಅಕ್ಕ.

ಅವನ ಮೀಸೆಯಡಿ ನಗು ಸುಳಿದದ್ದನ್ನು ಒಲೆಯಕ್ಕ ನೋಡಿದಳು, ನೋಡದವಳಂತೆ ಉಳಿ ಕೊಟ್ಟಳು. ಗೆದ್ದೆನೆಂದು ಬೀಗುವ ಹೆಣ್ಣಲ್ಲ ಅವಳು. ಆ ಕಥೆಯನ್ನು ನಾಲ್ಕು ಜನರ ಮುಂದೆ ಹೇಳುವಾಗಲೂ ಗರಗಸ ತಾನು ಎತ್ತಿದ್ದನ್ನು ನುಂಗಿಕೊಂಡು, “ನಮ್ಮೋರು ಕುಯ್ದರು” ಅಂತಲೇ ಹೇಳುತ್ತಾಳೆ.

ಮೇಲೆ ಉಳಿಯ ಟಕಟಕ ಶುರುವಾಯಿತು. ಅವಳು ಒಳಗೆ ಹೋಗಿ ಹಾಸಿಗೆಯ ಮೇಲೆ ಬಿದ್ದಿದ್ದ ಮರದ ಪುಡಿ ಕೊಡವಿದಳು, ಒಲೆಯ ಬೂದಿ ಬಕೆಟ್ಟಿಗೆ ತೋಡಿದಳು. ಆಮೇಲೆ ಪೊರಕೆ ಹಿಡಿದು ಬಗ್ಗಿ, ಮೂಲೆಯಿಂದ ಬಾಗಿಲ ಕಡೆಗೆ ಕಸ ಗುಡಿಸತೊಡಗಿದಳು.