ಅರುಳ್‌ದಾಸನ ಚೀಟಿ

ಬೆಟಗೇರಿಯ ಕೃಪಾವತಿ ಎರಡು ವರ್ಷ ಶ್ರೀಲಂಕಾದ ವವುನಿಯಾದಲ್ಲಿದ್ದು ಯುದ್ಧದ ವರದಿ ಬರೆದವಳು. ಈಗ, ಎರಡು ಸಾವಿರದ ಇಸವಿಯಲ್ಲಿ, ಸಾಂಟಾ ಕ್ಲಾರಾದಲ್ಲಿ ನಾಯಿಗಳ ತಿನಿಸು ಮಾರುವ ಡಾಟ್‌ಕಾಮ್ ಕಂಪನಿಯೊಂದಕ್ಕೆ ಬರೆಯುತ್ತಿದ್ದಳು. ಏನು ಹಣೆಬರಹವೋ! ಅಲ್ಲಿಂದ ಇಲ್ಲಿಗೆ ಹೇಗೆ ಬಂದು ಬಿದ್ದೆನೆಂಬುದು ಅವಳಿಗೇ ಬಗೆಹರಿದಿರಲಿಲ್ಲ.

ಅಲ್ಲಿ ಕೊಟ್ಟ ಒಂದು ಮಾತು ಮಾತ್ರ ಬೆನ್ನು ಬಿಟ್ಟಿರಲಿಲ್ಲ. ನಿರಾಶ್ರಿತರ ಶಿಬಿರದಲ್ಲಿ ಮರಿಯಮ್ಮ ಎಂಬಾಕೆ ಇದ್ದಳು. ಸೈಕಲ್ ರಿಪೇರಿ ಮಾಡುತ್ತಿದ್ದ ಅವಳ ಗಂಡನನ್ನು ಬಂದೂಕಿನವರು ಹಾಡಹಗಲೇ ಜೀಪಿಗೆ ಹತ್ತಿಸಿಕೊಂಡು ಹೋಗಿದ್ದರು. “ನೀನು ಪೇಪರಿನಲ್ಲಿ ಬರೆದರೆ ಬರುತ್ತಾನೋ ಇಲ್ಲವೋ. ನಿಮ್ಮ ಚರ್ಚಿನ ಸಭೆಯಲ್ಲಿ ಪ್ರತಿ ಭಾನುವಾರ ಅವನ ಹೆಸರು ಹೇಳಿಸು” ಎಂದು ಅವಳು ಕೈಹಿಡಿದು ಕೇಳಿದ್ದಳು. ಕೃಪಾ ಆಗಲಿ ಎಂದಿದ್ದಳು.

ಪಕ್ಕದ ಕ್ಯಾಂಪ್‌ಬೆಲ್‌ನ ಬಾಡಿಗೆ ಸಭಾಂಗಣದಲ್ಲಿ ಕನ್ನಡ ಕ್ರೈಸ್ತರ ಹತ್ತು ಕುಟುಂಬಗಳು ಭಾನುವಾರ ಸೇರುತ್ತಿದ್ದವು. ಪ್ರಾರ್ಥನೆ ಬೇಕಾದವರು ಚೀಟಿ ಬರೆದು ಬುಟ್ಟಿಗೆ ಹಾಕುವುದು, ಹಿರಿಯರಾದ ಸತ್ಯಮಿತ್ರ ಕಾಕಾ ಓದುವುದು. ಗ್ರೀನ್ ಕಾರ್ಡು, ಹೆರಿಗೆ, ಕಂಪನಿಯ ಷೇರು. ಇವುಗಳ ನಡುವೆ ವರ್ಷವಿಡೀ ತಪ್ಪದೆ ಕೃಪಾಳ ಒಂದು ಚೀಟಿ: ಮರಿಯಮ್ಮನ ಗಂಡ ಅರುಳ್‌ದಾಸ್.

ಒಂದು ಶನಿವಾರ ಕೊಲಂಬೋದ ಗೆಳತಿ ಊರ್ಮಿಳಾಳ ಈಮೇಲ್ ಬಂತು. ಪಾಳುಬಾವಿಯೊಂದರಲ್ಲಿ ಆ ಶಿಬಿರದ ಹನ್ನೊಂದು ಮಂದಿ ಗಂಡಸರ ಹೆಣಗಳು ಸಿಕ್ಕಿವೆ, ಹೆಸರುಗಳು ಇಲ್ಲಿವೆ, ನಿನಗೆ ಗೊತ್ತಿದ್ದವರಿದ್ದಾರಾ ನೋಡು ಎಂದಿತ್ತು. ಕೃಪಾ ಬೆರಳನ್ನು ಪರದೆಯ ಮೇಲೆ ಇಳಿಸುತ್ತಾ ಹೋದಳು. ಅರುಳ್‌ದಾಸ್ ಇಲ್ಲ! “ಸ್ತೋತ್ರ ಸ್ವಾಮೀ!” ಎಂದು ಕುರ್ಚಿಯಲ್ಲೇ ಅತ್ತುಬಿಟ್ಟಳು.

ಮರುದಿನ ಸುದ್ದಿ ಕೇಳಿ ಸಭೆಯೆಲ್ಲ ಚಪ್ಪಾಳೆ ತಟ್ಟಿತು. “ನೋಡ್ರಿ, ಪ್ರಾರ್ಥನಾ ಅಂದ್ರ ಹಿಂಗ!” ಎಂದರು ಕಾಕಾ. ಊಟದ ಹೊತ್ತಿಗೆ ಅವರ ಹೆಂಡತಿ ಕೇಳಿದರು: “ಹೆಸರು ಭಾಳ ಚಂದ ಐತೆವಾ. ಅರುಳ್ ಅಂದ್ರ ಏನು?”

“ತಮಿಳಿನ್ಯಾಗ ಕೃಪಾ ಅಂತ್ರಿ...” ಎಂದವಳ ಕೈಯಲ್ಲಿ ತುತ್ತು ಹಾಗೇ ನಿಂತಿತು.

ಅಯ್ಯೋ, ಆ ಹೆಸರನ್ನು ಇಟ್ಟವಳೇ ಅವಳು! ಬಂದೂಕಿನವರಿಗೆ ಸುಳಿವು ಸಿಗಬಾರದೆಂದು ವರದಿಯಲ್ಲಿ ಹೆಸರು ಬದಲಿಸುವುದು ಅವಳ ಕಸುಬಿನ ಪದ್ಧತಿ. ತನ್ನ ಹೆಸರನ್ನೇ ತಮಿಳು ಮಾಡಿ ಅವನಿಗೆ ಇಟ್ಟಿದ್ದಳು. ನಿಜವಾದ ಹೆಸರಿದ್ದ ಹಾಳೆಯನ್ನು ತಪಾಸಣೆಯ ಭಯಕ್ಕೆ ಹರಿದು ನುಂಗಿದ್ದಳು. ಬರೆದು ಬರೆದು, ಓದಿಸಿ ಓದಿಸಿ, ತಾನು ಕಟ್ಟಿದ ಹೆಸರನ್ನು ತಾನೇ ನಂಬಿಬಿಟ್ಟಿದ್ದಳು. ಹಾಗಾದರೆ ವರ್ಷವಿಡೀ ಬೇಡಿಕೊಂಡಿದ್ದು ಯಾರಿಗಾಗಿ? ಅವನು ಬದುಕಿದ್ದಾನೋ, ಬಾವಿಯಲ್ಲಿದ್ದನೋ?

ಮುಂದಿನ ಭಾನುವಾರ ಎದ್ದುನಿಂತು ಎಲ್ಲ ಹೇಳಿದಳು. “ಖರೇ ಹೆಸರು ಮರತೇನ್ರಿ ಕಾಕಾ.”

“ದೇವರಿಗೆ ಗೊತ್ತಿರ್ತೈತಿ ಬಿಡವಾ.”

“ದೇವರಿಗೆ ಗೊತ್ತೈತ್ರಿ. ಮರಿಯಮ್ಮಗ ನಾ ಏನ್ ಹೇಳ್ಲಿ?”

ಕೃಪಾ ಮುದ್ರಿಸಿ ತಂದಿದ್ದ ಹನ್ನೊಂದು ಹೆಸರುಗಳ ಪಟ್ಟಿ ಬಿಡಿಸಿದಳು. ಗಟ್ಟಿಯಾಗಿ ಓದಿದರೆ ಕಿವಿಯಾದರೂ ಗುರುತು ಹಿಡಿದೀತೆಂಬ ಆಸೆ. ನಾಲ್ಕನೆಯ ಹೆಸರಿಗೆ, ಇವನೇ ಇರಬೇಕೆನಿಸಿ, ನಾಲಿಗೆ ತಡೆಯಿತು. ಒಂಬತ್ತನೆಯದಕ್ಕೂ ತಡೆಯಿತು. ಮತ್ತೆ ಮೊದಲಿನಿಂದ ಓದಿದಳು. ಈ ಸಲ ಆರನೆಯದಕ್ಕೆ ನಿಂತಿತು.